ಮೆಣಸಿನಕಾಯಿ ನುಸಿಗೆ ಔಷಧಿ ಜೊತೆ ಬೇವಿನೆಣ್ಣೆ ಬೆರೆಸಿದರೆ ಪ್ರಯೋಜನ ಆಗುತ್ತಾ?

ಎಷ್ಟು ಔಷಧಿ ಹೊಡೆದರೂ ನುಸಿ (ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ) ಸಾಯುತ್ತಿಲ್ಲ, ಬೇವಿನೆಣ್ಣೆ ಸೇರಿಸಲಾ ಎಂದು ಕೇಳಿದ್ದೀರಿ. ನಾನು ಸಿರುಗುಪ್ಪ ಕಡೆಯ ರೈತ. ಸೇರಿಸಬಹುದು, ನಾನೂ ಸೇರಿಸುತ್ತೇನೆ. ಆದರೆ ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡಲ್ಲ ಅನ್ನೋದು ಗೊತ್ತಿರಲಿ. (ನಮ್ಮ ಕಡೆ ಔಷಧಿಗೇ ‘ಎಣ್ಣಿ’ ಅಂತಾರೆ. ಇಲ್ಲಿ ನಾನು ಹೇಳುತ್ತಿರುವುದು ಬೀಜದ ಎಣ್ಣೆ.)

2021ರಲ್ಲಿ ಬಳ್ಳಾರಿ, ರಾಯಚೂರು ಕಡೆ ಕಪ್ಪು ನುಸಿ ಬಂದಿದ್ದು ನೆನಪಿದೆ ಅಲ್ವಾ? ಹೂವಿನೊಳಗೆ ಗುಂಪು ಗುಂಪಾಗಿ ಕೂತು ಹೂವೆಲ್ಲ ಉದುರಿಸಿತು. ಅಂಗಡಿಯವರು ಹೇಳಿದಂತೆ ಎರಡು ಮೂರು ಔಷಧಿ ಕೂಡಿಸಿ, ಡೋಸ್ ಹೆಚ್ಚಿಸಿ ಹೊಡೆದೆ. ದುಡ್ಡು ಹೋಯಿತು, ನುಸಿ ಹೋಗಲಿಲ್ಲ. ಆ ಸಂಕಟ ನಿಮಗೆ ಬರಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಪದೇ ಪದೇ ಒಂದೇ ಔಷಧಿ ಹೊಡೆದಾಗ, ಅದನ್ನು ತಡೆದುಕೊಂಡ ಹುಳಗಳಷ್ಟೇ ಉಳಿದು ಮರಿ ಮಾಡುತ್ತವೆ. ಕೆಲವು ಹುಳಗಳ ಮೈಯಲ್ಲಿ ವಿಷವನ್ನು ಒಡೆದು ಅರಗಿಸುವ ಕಿಣ್ವಗಳು ಜಾಸ್ತಿ ಇರುತ್ತವೆ. ಕೆಲವು ಸಸ್ಯದ ಎಣ್ಣೆಗಳು ಈ ಕಿಣ್ವಗಳನ್ನೇ ಕಟ್ಟಿಹಾಕುತ್ತವೆ. ಆಗ ವಿಷ ಒಡೆಯದೆ ಉಳಿದು ಕೆಲಸ ಮಾಡುತ್ತದೆ. ಇದು ಹೊಸದೇನಲ್ಲ. ಸೇವಂತಿಗೆ ಜಾತಿಯ ಹೂವಿನಿಂದ ಬರುವ ಪೈರೆಥ್ರಮ್‌ಗೆ ಎಳ್ಳೆಣ್ಣೆ ಬೆರೆಸಿದರೆ ಅದರ ಬಲ ಹೆಚ್ಚುತ್ತದೆ ಅಂತ ಅಮೆರಿಕದಲ್ಲಿ 1940ರಲ್ಲೇ ಕಂಡುಕೊಂಡಿದ್ದರು. ಎಳ್ಳೆಣ್ಣೆಯಲ್ಲಿರುವ ಸೆಸಮಿನ್ ಅದಕ್ಕೆ ಒಂದು ಕಾರಣ. ನಮ್ಮ ಹೊಂಗೆ ಎಣ್ಣೆಯ ಕರಂಜಿನ್‌ಗೂ ಇಂಥದೇ ಗುಣ ಇದೆ. ಜೊತೆಗೆ ಎಣ್ಣೆಯಿಂದ ಔಷಧಿ ಎಲೆ ಮೇಲೆ ಚೆನ್ನಾಗಿ ಹರಡಿ ಅಂಟುತ್ತದೆ. ಬೇವಿನ ಅಜಾಡಿರಾಕ್ಟಿನ್ ಮರಿಗಳು ಪೊರೆ ಬಿಡದಂತೆ ತಡೆಯುತ್ತದೆ.

ಇನ್ನು ಕೆಲವು ಹುಳಗಳಲ್ಲಿ ವಿಷ ತಗಲಬೇಕಾದ ನರದ ಜಾಗವೇ ಬದಲಾಗಿರುತ್ತದೆ. ಅಲ್ಲಿ ಎಣ್ಣೆಯಿಂದ ಹೆಚ್ಚು ಉಪಯೋಗ ಆಗಲ್ಲ, ಬೇರೆ ರೀತಿ ಕೆಲಸ ಮಾಡುವ ಗುಂಪಿನ ಔಷಧಿಗೇ ಬದಲಿಸಬೇಕು.

ನಾನು ಮಾಡುವುದು ಹೀಗೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ. ಮೊದಲು ಸೋಪಿನ ನೀರಿನಲ್ಲಿ ಹಾಲಿನಂತೆ ಆಗುವವರೆಗೆ ಕಲಕಿ, ಆಮೇಲೆ ಟ್ಯಾಂಕಿಗೆ ಹಾಕುತ್ತೇನೆ. ಔಷಧಿ ಲೇಬಲ್‌ನಲ್ಲಿ ಇದ್ದಷ್ಟೇ, ಒಂದು ಹನಿ ಜಾಸ್ತಿ ಇಲ್ಲ. ಮೊದಲು ಬಾಟಲಿಯಲ್ಲಿ ಸ್ವಲ್ಪ ಬೆರೆಸಿ ನೋಡಿ. ಎಣ್ಣೆ ಬೇರೆಯಾಗಿ ತೇಲಿದರೆ, ಮೊಸರಿನಂತೆ ಒಡೆದರೆ ಹೊಡೆಯಬೇಡಿ. ಸರಿ ಇದ್ದರೂ ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ನಮ್ಮ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ. ಸಂಜೆ ಹೊತ್ತೇ ಒಳ್ಳೆಯದು. ಬೂದಿ ರೋಗಕ್ಕೆ ಗಂಧಕ ಹೊಡೆದಿದ್ದರೆ ಕಡಿಮೆ ಅಂದರೂ ಎರಡು ವಾರ ಎಣ್ಣೆ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಮಣ್ಣಿನಲ್ಲಿ ಕೋಶದ ಹಂತದಲ್ಲಿರುವ ನುಸಿಗೆ ಸಿಂಪಡಣೆ ತಲುಪಲ್ಲ. ಅದಕ್ಕೇ ನೀಲಿ ಅಂಟಿನ ಹಾಳೆ ಕಟ್ಟಿ, ಹೊಸದಾಗಿ ಎಷ್ಟು ಏಳುತ್ತಿವೆ ಅಂತ ನೋಡುತ್ತಿರಿ.

ಈ ಹಂಗಾಮಿನಲ್ಲಿ ಏನೇನು ಹೊಡೆದಿರಿ ಅಂತ ಬರೆಯಿರಿ. ಕಂಪನಿ ಇಟ್ಟ ಹೆಸರಲ್ಲ, ಡಬ್ಬಿ ಮೇಲಿನ ತಾಂತ್ರಿಕ ಹೆಸರು ಬೇಕು. ಮೂರು ಬೇರೆ ಡಬ್ಬಿಯಲ್ಲಿ ಒಂದೇ ಔಷಧಿ ಇರಬಹುದು.