ಸೀಗೆ ಹುಣ್ಣಿಮೆ ಚರಗ, ದೀಪಾವಳಿ ಹೋಳಿಗೆ: ಸ್ಟೆಂಟ್ ಹಾಕಿಸಿಕೊಂಡವರಿರುವ ಮನೆಯ ಅಡುಗೆ

ಅಣ್ಣ, ಈ ಗುಂಪಿನಲ್ಲಿ ನೀವು ಕೇಳಿದ್ದು ಎರಡು. ಮೂರು ತಿಂಗಳ ಹಿಂದೆ ಸ್ಟೆಂಟ್ (ಹೃದಯದ ರಕ್ತನಾಳ ಮುಚ್ಚದಂತೆ ಇಡುವ ಸಣ್ಣ ಜಾಲರಿ) ಹಾಕಿಸಿಕೊಂಡ ಅಪ್ಪಾಜಿಗೆ ಸೀಗೆ ಹುಣ್ಣಿಮೆ ದಿನ ಹೊಲದಲ್ಲಿ ಏನು ಬಡಿಸೋದು; ಎಡೆಗೆ ಇಟ್ಟದ್ದನ್ನು ಅವರಿಗೆ ಬೇಡ ಅಂದ್ರೆ ಅವ್ವ ನೊಂದ್ಕೋತಾರೆ, ಏನು ಮಾಡೋದು.

ಎರಡನೇದಕ್ಕೆ ಮೊದಲು ಹೇಳ್ತೀನಿ. ರೋಗಿಗೆ ಅಂತ ಬೇರೆ ಅಡುಗೆ ಮಾಡಬೇಡಿ. ಎಲ್ಲರೂ ಹೋಳಿಗೆ ಮುರಿಯುವಾಗ ಒಬ್ಬರ ಮುಂದೆ ಸಪ್ಪೆ ಗಂಜಿ ಇಟ್ಟರೆ ರಾತ್ರಿ ಅವರೇ ಎದ್ದು ಡಬ್ಬಿ ಹುಡುಕ್ತಾರೆ. ಪಾತ್ರೆಯಲ್ಲೇ ಉಪ್ಪು, ಎಣ್ಣೆ, ಬೆಲ್ಲ ಕಡಿಮೆ ಮಾಡಿ. ಎಡೆಗೂ ಅದೇ, ಹೊಲಕ್ಕೆ ಚೆಲ್ಲುವ ಚರಗಕ್ಕೂ ಅದೇ, ಮನೆಮಂದಿಗೂ ಅದೇ. ಬಸುರಿಗೆ ಬಯಕೆ ಊಟ ಮಾಡಿಸಿದ ಹಾಗೆ ಭೂಮಿತಾಯಿಗೆ ಒಯ್ಯುವ ಬುತ್ತಿ ಅದು. ಹೊಲದ ಸೊಪ್ಪು, ಕಾಳು, ಕುಂಬಳಕಾಯಿ ಇದ್ದರೆ ತುಂಬಿತು, ತುಪ್ಪ ಹರೀಬೇಕಿಲ್ಲ. ಚರಗ ಚೆಲ್ಲೋದು, ಕೂಲಿಯವರಿಗೆ ಬಡಿಸೋದು ಅಪ್ಪಾಜಿಗೇ ಬಿಡಿ. ಎಲ್ಲರ ಕೈಲಿ 'ಬೇಡ' ಅನ್ನಿಸಿಕೊಳ್ಳೋ ಬದಲು ಅವತ್ತು ಅವರು ಕೊಡುವವರಾಗಿರ್ತಾರೆ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ತಲೆ ಸವರಿದ ಒಂದು ಟೀ ಚಮಚ ಪುಡಿಉಪ್ಪು. ಐದು ಜನ ಇದ್ದರೆ ಬೆಳಗ್ಗೆಯೇ 20 ಗ್ರಾಂ ತೂಗಿ ಬಟ್ಟಲಲ್ಲಿ ಇಟ್ಟುಬಿಡಿ. ಆ ದಿನದ ಎಲ್ಲ ಅಡುಗೆಗೂ ಅಷ್ಟೇ, ಡಬ್ಬಿ ಮುಟ್ಟೋ ಹಾಗಿಲ್ಲ. ಉಳಿದ 5 ಗ್ರಾಂ ನಮಗೆ ಗೊತ್ತಿಲ್ಲದೆ ಬರುತ್ತೆ, ಬಿಸ್ಕತ್ತಲ್ಲಿ, ಹಪ್ಪಳದಲ್ಲಿ, ನಮ್ಮ ದಾವಣಗೆರೆ ಮಂಡಕ್ಕಿಯಲ್ಲೂ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಾಕೇ ಹುರೀತಾರೆ, ಹಾಗಾಗಿ ಒಗ್ಗರಣೆಗೆ ಮತ್ತೆ ಉಪ್ಪು ಹಾಕಬೇಡಿ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಉಪ್ಪೆಲ್ಲ ತಳಕ್ಕೆ ಇಳಿಯುತ್ತೆ, ಸಪ್ಪೆ ಅಂತ ಇನ್ನೊಂದು ಚಿಟಿಕೆ ಬೀಳುತ್ತೆ. ಕಟ್ಟಿನ ಸಾರಿಗೆ ಹುಣಸೆ, ಜೀರಿಗೆ, ಕೊತ್ತಂಬರಿ ಸ್ವಲ್ಪ ಮುಂದಿರಲಿ, ಉಪ್ಪು ಒಲೆಯಿಂದ ಇಳಿಸುವಾಗ ಹಾಕಿ.

ಅಂಗಡಿಯಲ್ಲಿ 'ಕಡಿಮೆ ಸೋಡಿಯಂ' ಅಂತ ಬರುವ ಉಪ್ಪು ಡಾಕ್ಟರನ್ನ ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳ ಜೊತೆ, ಕಿಡ್ನಿ ಸರಿಯಿಲ್ಲದವರಲ್ಲಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎದೆಬಡಿತವೇ ತಪ್ಪಬಹುದು.

ಇನ್ನು ಹೋಳಿಗೆ. ಬೇಡ ಅನ್ನೋದಿಲ್ಲ, ಲೆಕ್ಕ ಇರಲಿ. 200 ಗ್ರಾಂ ಕಡ್ಲೆಬೇಳೆಗೆ ಸಮಸಮ ಬೆಲ್ಲ ಹಾಕೋದು ರೂಢಿ; 150 ಗ್ರಾಂ ಹಾಕಿ. ಬೇಳೆ ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಆದರೆ ಆಕಾರ ಬಿಟ್ಟಿರಬಾರದು. ಜರಡಿಯಲ್ಲಿ 20 ನಿಮಿಷ ಕಟ್ಟು ಬಸಿಯಲಿ. ಬೆಲ್ಲ ಕಡಿಮೆ ಅಂತ ನೀರು ಚಿಮುಕಿಸಿದರೆ ಕೆಟ್ಟಿತು, ಹೂರಣ ಸಡಿಲಾಗಿ ಲಟ್ಟಿಸುವಾಗ ಕಣಕ ಹರಿಯುತ್ತೆ. ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ, ಸೌಟು ನಿಲ್ಲಿಸಿದರೆ ಬೀಳದೆ ನಿಲ್ಲುವವರೆಗೆ ಕಾಯಿಸಿ, ಬಿಸಿ ಇದ್ದಾಗಲೇ ರುಬ್ಬಿ. ಏಲಕ್ಕಿ, ಚೂರು ಒಣಶುಂಠಿ ಇದ್ದರೆ ಕಡಿಮೆ ಸಿಹಿ ಗೊತ್ತಾಗಲ್ಲ. ಕಣಕಕ್ಕೆ ಗೋಧಿಹಿಟ್ಟು, ಮೈದಾ ಅರ್ಧರ್ಧ, 2 ಟೀ ಚಮಚ ಎಣ್ಣೆ, ಒಂದು ಗಂಟೆ ನೆನೆಯಲಿ. ಎಣ್ಣೆ ಹಾಳೆ ಮೇಲೆ ತಟ್ಟೋ ಬದಲು ಹಿಟ್ಟು ಹಚ್ಚಿ ಲಟ್ಟಿಸಿದರೆ ಅರ್ಧ ಎಣ್ಣೆ ಅಲ್ಲೇ ಉಳೀತು. ಇಷ್ಟಕ್ಕೆ 12 ಹೋಳಿಗೆ ಬರುತ್ತೆ, ಒಂದರಲ್ಲಿ ಸುಮಾರು 12 ಗ್ರಾಂ ಬೆಲ್ಲ. ಎರಡು ತಿಂದರೆ ದಿನದ ಸಿಹಿ ಮುಗೀತು, ಆಮೇಲೆ ಚಹಾಗೂ ಸಕ್ಕರೆ ಇಲ್ಲ. ಮೇಲೆ ತುಪ್ಪ ಒಂದು ಟೀ ಚಮಚ, ಮಿಳ್ಳೆಯಿಂದ ಸುರಿಯಬಾರದು. ಶುಗರ್ ಇದ್ದರೆ ಅರ್ಧ ಹೋಳಿಗೆ, ಅನ್ನ ಬಿಟ್ಟು. ಬೆಲ್ಲ ಸಕ್ಕರೆಗಿಂತ ವಾಸಿ ಅನ್ನೋದು ರಕ್ತದ ಶುಗರಿಗೆ ತಿಳಿಯಲ್ಲ.

ಎಣ್ಣೆ ವಿಷಯದಲ್ಲಿ ಇದೇ ಗುಂಪಿನಲ್ಲಿ ಒಬ್ಬರು 'ಚಳ್ಳಕೆರೆ ಗಾಣದ ಶೇಂಗಾ ಎಣ್ಣೆ, ಕೊಲೆಸ್ಟರಾಲ್ ಇಲ್ಲ, ಎಷ್ಟಾದರೂ ಹಾಕಿ' ಅಂತ ಬರೆದಿದ್ದಾರೆ. ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇರಲ್ಲ. ಜಿಡ್ಡು ಮಾತ್ರ ಎಲ್ಲದರಲ್ಲೂ ಅಷ್ಟೇ, ಗಾಣದ್ದಾದರೂ ಗ್ರಾಂಗೆ 9 ಕ್ಯಾಲೊರಿ. ಐದು ಜನಕ್ಕೆ ತಿಂಗಳಿಗೆ ಎಲ್ಲ ಸೇರಿ 3 ಲೀಟರ್ ಸಾಕು. ಡಾಲ್ಡಾ ಮನೆಗೆ ತರಲೇಬೇಡಿ.

ಹಬ್ಬಕ್ಕೆ ಕರಿದದ್ದು ಒಂದೇ ಬಗೆ ಇರಲಿ. ಮಿರ್ಚಿಯೇ ಬೇಕು ಅಂದರೆ ಹಿಟ್ಟಿಗೆ ಸೋಡಾ ಬೇಡ, ಎಣ್ಣೆ ಕುಡಿಯುತ್ತೆ, ಮೇಲಾಗಿ ಅದೂ ಸೋಡಿಯಮ್ಮೇ. ಒಂದು ಹನಿ ಹಿಟ್ಟು ಬಿಟ್ಟರೆ ತಕ್ಷಣ ಮೇಲೇಳಬೇಕು. ತಳದಲ್ಲಿ ಕೂತರೆ ಎಣ್ಣೆ ಕಾದಿಲ್ಲ. ಕರಿದು ಉಳಿದ ಎಣ್ಣೆಯಲ್ಲಿ ನಾಡಿದ್ದು ಮತ್ತೆ ಕರಿಯಬೇಡಿ. ಸೋಸಿಟ್ಟು ಎರಡು ದಿನದೊಳಗೆ ಒಗ್ಗರಣೆಗೆ ಖಾಲಿ ಮಾಡಿ. ಬೆಣ್ಣೆ ದೋಸೆ ಹಬ್ಬದ ವಾರ ಬೇಡ, ಹಬ್ಬದ ಊಟವೇ ಸಾಕು.

ಬುತ್ತಿಗೆ ಜೋಳದ ರೊಟ್ಟಿ, ಬೆರಕೆ ಸೊಪ್ಪಿನ ಪಲ್ಯ, ಹೆಸರುಕಾಳು, ಕುಂಬಳಕಾಯಿ ಪಲ್ಯ, ನವಣೆ ಮೊಸರನ್ನ ಕಟ್ಟಿ. ಉಪ್ಪಿನಕಾಯಿ ಬದಲು ಅಗಸೆ ಚಟ್ನಿಪುಡಿ ಒಂದು ಚಮಚ. ಅಗಸೆ ಹುರಿದು ಪುಡಿ ಮಾಡಿರಬೇಕು. ಇಡೀ ಬೀಜ ಹೋದ ಹಾಗೇ ಹೊರಗೆ ಬರುತ್ತೆ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಇರೋರು ಹಬ್ಬಕ್ಕೆ ಅಂತ ಒಂದೇ ದಿನ ಸೊಪ್ಪು ಏಕಾಏಕಿ ಜಾಸ್ತಿ ತಿನ್ನಬಾರದು, ದಿನಾ ಎಷ್ಟೋ ಅಷ್ಟೇ.

ಪೂಜೆ ಆಗಲಿ ಅಂತ ಮಧ್ಯಾಹ್ನ ಎರಡರವರೆಗೆ ಹೊಟ್ಟೆ ಖಾಲಿ ಬಿಟ್ಟು, ಆಮೇಲೆ ಹೊಟ್ಟೆ ಬಿರಿಯ ಉಣ್ಣಿಸೋದೇ ದೊಡ್ಡ ತಪ್ಪು. ಭಾರೀ ಊಟ ಬಿದ್ದರೆ ಹೃದಯಕ್ಕೆ ಕೆಲಸ ಜಾಸ್ತಿ. ಬೆಳಗ್ಗೆ ಎಂಟಕ್ಕೆ ಒಂದು ಬಟ್ಟಲು ಉಪ್ಪಿಟ್ಟು, ಮಾತ್ರೆ ತಪ್ಪದೆ. ಸ್ಟೆಂಟ್ ಆದವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಉಪವಾಸ ಅಂತ ಒಂದು ದಿನವೂ ಬಿಡಬಾರದು. ಉಂಡ ಮೇಲೆ ಬದುವಿನ ನೆರಳಲ್ಲಿ ಒಂದು ಗಂಟೆ ಕೂರಲಿ, ಬುಟ್ಟಿ ಹೊರಿಸಬೇಡಿ.

ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು ಬಂದರೆ 'ಗ್ಯಾಸ್, ಹೋಳಿಗೆ ಜಾಸ್ತಿ ಆಯ್ತು' ಅಂತ ಸೋಡಾ ಕುಡಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಅಂತ ಹಬ್ಬಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ. ಹೊಲಕ್ಕೆ ಹೋಗುವಾಗ ಮಾತ್ರೆ ಚೀಟಿಯ ಜೊತೆ ಡಿಸ್ಚಾರ್ಜ್ ಹಾಳೆಯ ಫೋಟೊ ಇಬ್ಬರ ಮೊಬೈಲಲ್ಲಿ ಇರಲಿ, ಒಬ್ಬರದು ನೆಟ್‌ವರ್ಕ್ ಸಿಗದಿದ್ದರೂ ಇನ್ನೊಬ್ಬರದು ಸಿಗಬಹುದು.