ಬಣ್ಣ ಬಿಡಿ, ಲಾಕ್ ನೋಡಿ

ಮೂರೇ ತಿಂಗಳಿಗೆ ಮಡಚುವ ಚಾಕುವಿನ ಕಪ್ಪು ಬಣ್ಣ ಹೋಗಿದೆ, ಮುಚ್ಚಿದಾಗ ಅಲಗು ಒಂದು ಬದಿಗೆ ವಾಲಿದೆ, ಡುಪ್ಲಿಕೇಟ್ ಇರಬಹುದಾ ಅಂತ ಕೇಳಿದ್ದೀರಿ. ಬಣ್ಣ ಹೋಯಿತು ಅಂತ ಸುಮ್ನೆ ಹಾಗೆ ಹೇಳಲಾಗದು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನ ಅಂಚು ದಿನಾ ಬಟ್ಟೆಗೆ ಉಜ್ಜುತ್ತದೆ. ಅದೇ ಜೇಬಲ್ಲಿ ಬೈಕ್ ಕೀಲಿಯೂ ಇರುತ್ತದೆ ಅಲ್ವಾ? ಕಡಿಮೆ ಬೆಲೆಯ ಚಾಕುಗಳ ಬ್ಲ್ಯಾಕ್ ಆಕ್ಸೈಡ್ ಲೇಪ ಬಹಳ ತೆಳು. ಡಿಎಲ್‌ಸಿ, ಅಂದರೆ ವಜ್ರದಂಥ ಗಟ್ಟಿ ಇಂಗಾಲದ ಲೇಪ, ಜಾಸ್ತಿ ತಾಳುತ್ತದೆ, ಬೆಲೆಯೂ ಹಾಗೇ. ನನ್ನ ಕೇಳಿದರೆ ಸಣ್ಣ ಕಲ್ಲುಗಳ ಜೊತೆ ಉರುಳಿಸಿ ಮೈ ಮಂಕು ಮಾಡಿದ ಸ್ಟೋನ್‌ವಾಶ್ ಅಲಗೇ ವಾಸಿ, ಗೀರು ಬಿದ್ದರೂ ಎದ್ದು ಕಾಣುವುದಿಲ್ಲ.

ನಿಮ್ಮ ಕಾರವಾರದಲ್ಲಿ ನಿಜವಾದ ಕಾಟ ಉಪ್ಪುಗಾಳಿಯದ್ದು. ನಿಮ್ಮದು ಡಿ2 ಉಕ್ಕು ಅಂದಿರಿ. ಅದರಲ್ಲಿ ಕ್ರೋಮಿಯಂ ಸುಮಾರು 12% ಇದ್ದರೂ, ಒಂದಷ್ಟು ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗಿಬಿಡುತ್ತದೆ, ತುಕ್ಕು ತಡೆಯಲು ಸಿಗುವುದಿಲ್ಲ. ಹಾಗಾಗಿ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಲೇಪ ಹೋದ ಜಾಗದಲ್ಲೇ ಮೊದಲು ತುಕ್ಕಿನ ಚುಕ್ಕೆ ಏಳುತ್ತದೆ. ನಾನೊಮ್ಮೆ ಶಿರಸಿಯ ಮಾವನ ಮನೆಯಲ್ಲಿ ಹಸಿ ಅಡಿಕೆ ಕೊಯ್ದು ಒರೆಸದೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅಲಗಿನ ಮೇಲೆ ನೀಲಿಗಪ್ಪು ಕಲೆ. ಚೊಗರಿನ ಕೆಲಸ! ಇವತ್ತಿಗೂ ಹೋಗಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ಹೊಲಿಗೆ ಮಿಷನ್ನಿನ ಎಣ್ಣೆ ಹಚ್ಚಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಧೂಳು ಸೇರಿ ಅಂಟಾಗುತ್ತದೆ.

ಅಲಗು ವಾಲಿದ್ದಕ್ಕೆ ತಿರುಗುವ ಜಾಗದ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ. ಹಿಡಿಯ ಒಳಬದಿಗೆ ತಾಗದಿದ್ದರೆ ತೊಂದರೆಯಿಲ್ಲ. ಆಮೇಲೆ ಚಾಕು ತೆರೆದು, ಬೆರಳು ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ. ತೆರೆದ ಅಲಗು ಮಡಚದಂತೆ ಹಿಡಿಯುವ ಲಾಕ್ ಜಾರಿತೋ, ಬೇರೆ ಮಾತೇ ಇಲ್ಲ, ವಾಪಸ್ ಕಳಿಸಿ.