ಓದುಗರ ಪ್ರಶ್ನೆ: ಪೇಪರ್ ಕಪ್ಪಲ್ಲೂ ಪ್ಲಾಸ್ಟಿಕ್ ಇರುತ್ತಾ?

ಪ್ರಶ್ನೆ: ಪ್ಲಾಸ್ಟಿಕ್ ಬೇಡ ಅಂತ ಪೇಪರ್ ಕಪ್ಪಲ್ಲೇ ಟೀ ಕುಡೀತೀನಿ, ಅದರಲ್ಲೂ ಮೈಕ್ರೋಪ್ಲಾಸ್ಟಿಕ್ (ತೀರಾ ಸಣ್ಣ ಪ್ಲಾಸ್ಟಿಕ್ ಕಣ) ಇದೆ ಅಂತಾರೆ, ನಿಜಾನಾ ಸರ್? ಮನೇಲಿ ಬೋರ್‌ವೆಲ್ ನೀರು, ಅದಕ್ಕೇನು ಮಾಡೋದು?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಜ. ಬರೀ ಪೇಪರ್ ಆಗಿದ್ರೆ ಟೀ ಹಾಕಿದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಸೋರ್ತಿತ್ತು, ಹಾಗಾಗದೇ ಇರ್ಲಿ ಅಂತ ಒಳಗಡೆ ತೆಳ್ಳನೆ ಪ್ಲಾಸ್ಟಿಕ್ ಪದರ ಅಂಟಿಸಿರ್ತಾರೆ, ಖಾಲಿ ಕಪ್ ನಿಧಾನಕ್ಕೆ ಹರಿದು ನೋಡಿ, ಅಂಚಲ್ಲಿ ಸಿಪ್ಪೆ ಥರ ಎದ್ದು ಬರುತ್ತೆ. ಖರಗ್‌ಪುರ ಐಐಟಿಯವರು 2020ರಲ್ಲಿ ಇಂಥ ಕಪ್ಪಿಗೆ 100 ಎಂಎಲ್ ಬಿಸಿನೀರು ಹಾಕಿ 15 ನಿಮಿಷ ಬಿಟ್ರೆ ಸುಮಾರು 25,000 ಕಣ ನೀರಿಗೆ ಬಿಡುತ್ತೆ ಅಂತ ತೋರಿಸಿದ್ರು.

ಆರೋಗ್ಯದ ವಿಷಯಕ್ಕೆ ಬಂದ್ರೆ, 2024ರಲ್ಲಿ ಇಟಲಿ ಡಾಕ್ಟರ್‌ಗಳು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಂಟು ಪರೀಕ್ಷೆ ಮಾಡಿದಾಗ, ಅದರಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಮುಂದೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಸಾವಿನ ರಿಸ್ಕ್ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು. ಪ್ಲಾಸ್ಟಿಕ್ಕೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ಆದ್ರೆ ಕಡೆಗಣಿಸೋ ವಿಷಯ ಅಂತೂ ಅಲ್ವೇ ಅಲ್ಲ.

ನಿಮ್ಮ ಬೋರ್ ನೀರು ಗಡಸಾಗಿದ್ರೆ ಒಂದು ಅನುಕೂಲ ಇದೆ. ಐದು ನಿಮಿಷ ಕುದಿಸಿದ್ರೆ ಪಾತ್ರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತಲ್ಲ, ಪ್ಲಾಸ್ಟಿಕ್ ಕಣಗಳು ಅದರ ಜೊತೆಗೇ ಅಂಟ್ಕೊಳ್ತವೆ, ಗಡಸು ನೀರಲ್ಲಿ ಶೇ. 80ಕ್ಕಿಂತ ಜಾಸ್ತಿ ಕಣಗಳು ಹೋಗಿದ್ದು ಚೀನಾದ ಪ್ರಯೋಗದಲ್ಲಿ ಕಂಡಿದೆ. ಆರಿದ ಮೇಲೆ ಸೋಸಿ ಕುಡೀರಿ. ಟೀಗೆ ಒಂದು ಸ್ಟೀಲ್ ಲೋಟ ಬ್ಯಾಗಲ್ಲಿಟ್ಕೊಳಿ, ಅಂಗಡಿಯವರು ಖಂಡಿತ ಹಾಕಿಕೊಡ್ತಾರೆ, ಬಳಸಿದ ಕಪ್‌ಗಳನ್ನ ಮಾತ್ರ ದಯವಿಟ್ಟು ಸುಡಬೇಡಿ.